ಸತ್ತು ಎದ್ದು ನೀರು ಕುಡಿದವಳು

ವೇಣಿ ಟಿವಿಯಲ್ಲಿ ಮೊದಲ ಸಲ ಸತ್ತಾಗ ಅವಳಿಗೆ ಇಪ್ಪತ್ತಾರು ವರ್ಷ. ಗ್ಯಾಸ್ ಸೋರಿ ಅಡುಗೆಮನೆಯಲ್ಲಿ ಸಾಯುವ ನಾದಿನಿಯ ಪಾತ್ರ. ಆ ಎಪಿಸೋಡ್ ಬಂದ ಸಂಜೆ ಪೀಣ್ಯದ ಅವರ ವಠಾರದ ಹೆಂಗಸರೆಲ್ಲ ಇವರ ಮನೆಯಲ್ಲೇ ಸೇರಿದ್ದರು. ತೆರೆಯ ಮೇಲೆ ಅವಳ ಫೋಟೋಗೆ ಗಂಧದ ಹಾರ ಹಾಕಿ ದೀಪ ಹಚ್ಚುತ್ತಿದ್ದಂತೆ ಅಮ್ಮ ಎದ್ದು ಬಂದು ಮಗಳ ಮೊಣಕೈ ಮುಟ್ಟಿ ನೋಡಿದಳು. ವೇಣಿ ಗೋಡೆಗೊರಗಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಇಲ್ಲೇ ಇದೀನಲ್ಲಮ್ಮ," ಅಂದಳು.

ಅಮ್ಮ ನಗಲಿಲ್ಲ. "ಆ ಫೋಟೋ ಮನೆಗೆ ತರಬೇಡ," ಅಂತಷ್ಟೇ ಹೇಳಿದಳು.

ಅಪ್ಪ ರಾಮಾಂಜಿನಪ್ಪ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದವರು. ಅವರು ಮನೆಗೆ ಬಂದರೆ ಜೊತೆಗೆ ಎಣ್ಣೆಯ ವಾಸನೆಯೂ ಬರುತ್ತಿತ್ತು, ಚಪ್ಪಲಿಯ ಅಡಿಗೆ ಚುಚ್ಚಿಕೊಂಡ ಕಬ್ಬಿಣದ ಸುರುಳಿಗಳೂ ಬರುತ್ತಿದ್ದವು. ಬೆಳಗ್ಗೆ ಶಿಫ್ಟಿಗೆ ಹೊರಡುವ ಮುಂಚೆ ಮಗಳನ್ನು ಎಬ್ಬಿಸುವುದು ಅವರ ಕೆಲಸ. ಬೈಯುತ್ತಿರಲಿಲ್ಲ, ಅಲುಗಿಸುತ್ತಿರಲಿಲ್ಲ. ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಏಳು ವೇಣಿ, ಸಾಕು," ಅನ್ನುವರು. ಅಷ್ಟಕ್ಕೇ ಅವಳಿಗೆ ಎಚ್ಚರವಾಗುತ್ತಿತ್ತು.

ಪಿಯುಸಿ ಮುಗಿಸಿ ಅವಳು ಗಾರ್ಮೆಂಟ್ಸ್ ಸೇರಿದಳು. ಹೊಲಿದು ಬಂದ ಅಂಗಿಗಳ ಗುಂಡಿ, ಕಾಲರ್ ನೋಡುವ ಚೆಕಿಂಗ್ ಕೆಲಸ. ಅಲ್ಲಿ ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಕೆಲಸಗಾರರೇ ಒಂದು ನಾಟಕ ಆಡುತ್ತಿದ್ದರು. ಆ ವರ್ಷ ಕೊನೆಯ ದೃಶ್ಯದಲ್ಲಿ ಸಾಯುವ ಹೆಂಗಸಿನ ಪಾತ್ರ ಯಾರಿಗೂ ಬೇಡವಾಗಿ ಇವಳ ಪಾಲಿಗೆ ಬಂತು. ವೇದಿಕೆಯ ಮೇಲೆ ಬಿದ್ದವಳು ಎಷ್ಟು ಹೊತ್ತು ಉಸಿರು ಬಿಗಿಹಿಡಿದಳೆಂದರೆ, ಮುಂದಿನ ಸಾಲಿನಲ್ಲಿದ್ದ ಸೂಪರ್‌ವೈಸರ್ ಹೆಂಗಸು ನೀರಿನ ಬಾಟಲಿ ಹಿಡಿದು ಮೇಲಕ್ಕೆ ಓಡಿ ಬಂದಳು.

ಅವತ್ತು ಎಲ್ಲರಿಗೂ ಬಣ್ಣ ಹಚ್ಚಲು ಬಂದಿದ್ದವನು ಮಡಿವಾಳಪ್ಪ. ಸೀರಿಯಲ್‌ಗಳಲ್ಲಿ ಮೇಕಪ್ ಮಾಡುತ್ತಿದ್ದ ಹಳಬ. ಅವಳ ಮುಖದ ಬಣ್ಣ ಒರೆಸುತ್ತಾ, "ಅಳೋಕೆ ಬರೋರು ಬೇಕಾದಷ್ಟು ಜನ ಸಿಗ್ತಾರೆ ಕಣಮ್ಮ. ಸಾಯೋಕೆ ಬರೋರು ಕಮ್ಮಿ," ಅಂದ. ಮುಂದಿನ ತಿಂಗಳು ಅವನೇ ಅವಳನ್ನು ಒಂದು ಸೀರಿಯಲ್ ಆಫೀಸಿಗೆ ಕರೆದುಕೊಂಡು ಹೋದ.

ಅಲ್ಲಿ ಮೊದಲು ಬದಲಾದದ್ದು ಹೆಸರು. ವೇಣಿ ಅನ್ನುವುದು ಹಳೇ ಕಾಲದ್ದಾಯಿತು ಅಂತ ಚಾನೆಲ್ಲಿನವರು ರಕ್ಷಿತಾ ಅಂತ ಮಾಡಿದರು. ಟೈಟಲ್ಲಿನಲ್ಲಿ ರಕ್ಷಿತಾ, ಸೆಟ್ಟಿನಲ್ಲಿ ರಕ್ಷಿತಾ ಮೇಡಂ, ಸೆಲ್ಫಿ ಕೇಳುವವರ ಬಾಯಲ್ಲಿ ರಕ್ಷಿತಾ ಅಕ್ಕ. ವೇಣಿ ಅನ್ನುವವರು ಅಪ್ಪ, ಅಮ್ಮ ಇಬ್ಬರೇ.

ಹೊಸ ಹೆಸರಿನಲ್ಲಿ ಅವಳು ನರ್ಸ್ ಆದಳು, ಪಕ್ಕದ ಮನೆಯವಳಾದಳು, ನಾಯಕಿಯ ಗೆಳತಿಯಾದಳು. ಆದರೆ ಮಡಿವಾಳಪ್ಪ ಹೇಳಿದ್ದೇ ನಿಜವಾಯಿತು. ಒಂದು ಪಾತ್ರವನ್ನು ಮುಗಿಸಬೇಕೆಂದರೆ ಇವಳಿಗೆ ಫೋನ್ ಬರುತ್ತಿತ್ತು. ಮೆಟ್ಟಿಲಿನಿಂದ ಉರುಳಿ ಸತ್ತಳು, ಹಾವು ಕಚ್ಚಿ ಸತ್ತಳು, ಹೆರಿಗೆಯಲ್ಲಿ ಎರಡು ಸಲ ಸತ್ತಳು. ಹನ್ನೆರಡು ವರ್ಷದಲ್ಲಿ ಒಂಬತ್ತು ಸಾವು. ಸತ್ತ ಮೇಲೂ ಸೀರಿಯಲ್ ನಡೆಯುತ್ತಿತ್ತು. ಅವಳು ಯಾವತ್ತೋ ಬಿಟ್ಟುಬಂದ ಸೆಟ್ಟುಗಳ ಗೋಡೆಗಳಲ್ಲಿ ಅವಳ ಫೋಟೋ ಹಾರ ಹಾಕಿಕೊಂಡು ನಗುತ್ತಿರುತ್ತಿತ್ತು, ಅದರ ಮುಂದೆ ಯಾರು ಯಾರೋ ನಿಂತು ಕಣ್ಣೀರು ಹಾಕುತ್ತಿದ್ದರು.

ನೆಲಮಂಗಲದ ಕಡೆಯಿಂದ ಒಂದು ಸಂಬಂಧ ಬಂದು ಮಾತುಕತೆ ಮುಗಿಯುವ ತನಕ ಹೋಗಿತ್ತು. ಹುಡುಗನ ತಾಯಿ ಒಂದು ದಿನ ಟಿವಿಯಲ್ಲಿ ಆ ಫೋಟೋ ನೋಡಿದಳು. ಹಾರ ಹಾಕಿದ ಮುಖವನ್ನು ಮನೆ ತುಂಬಿಸಿಕೊಳ್ಳೋಕೆ ಮನಸ್ಸು ಬರ್ತಿಲ್ಲ ಅಂತ ಹೇಳಿ ಕಳಿಸಿದಳು. ಅದರ ನಂತರ ಅಮ್ಮನೂ ಹುಡುಕುವುದನ್ನು ಬಿಟ್ಟಳು.

ಅಪ್ಪ ತೀರಿಕೊಂಡ ದಿನವೂ ವೇಣಿ ಸಾಯುತ್ತಿದ್ದಳು. ಸೆಟ್ಟಿನಲ್ಲಿ ಅವಳನ್ನು ಚಟ್ಟದ ಮೇಲೆ ಮಲಗಿಸಿ ಕಣ್ಣಿನ ಮೇಲೆ ತುಳಸಿ ಇಟ್ಟಿದ್ದರು. ಫೋನ್ ಅಸಿಸ್ಟೆಂಟ್ ಹುಡುಗಿಯ ಕೈಯಲ್ಲಿತ್ತು. ಮೂರು ಸಲ ಕರೆ ಬಂತು, ಶಾಟ್ ಮುಗಿಯಲಿ ಅಂತ ಆ ಹುಡುಗಿ ಕಾದಳು. ವೇಣಿ ಎದ್ದು ಕೂತ ಮೇಲೆ ವಿಷಯ ಗೊತ್ತಾಯಿತು. ಅವತ್ತಿನಿಂದ ಅವಳಿಗೊಂದು ಅಭ್ಯಾಸ ಅಂಟಿಕೊಂಡಿತು. ಪ್ರತಿ ಸಾವಿನ ಶಾಟ್ ಮುಗಿದು ಕಟ್ ಅಂದ ಮೇಲೆ, ಕಣ್ಣು ತೆರೆಯುವ ಮುಂಚೆ, ತುಟಿ ಅಲ್ಲಾಡಿಸದೆ ಅಪ್ಪನ ಮಾತನ್ನು ತನಗೆ ತಾನೇ ಹೇಳಿಕೊಳ್ಳುವಳು. ಏಳು ವೇಣಿ, ಸಾಕು. ಹೇಳದಿದ್ದರೆ ಏಳಲಿಕ್ಕೆ ಆಗುವುದಿಲ್ಲವೇನೋ ಅನ್ನುವ ಭಯ ಅವಳಿಗೆ. ಎದ್ದು ಒಂದು ಲೋಟ ನೀರು ಕುಡಿದರೆ ಆ ಭಯ ಇಳಿಯುತ್ತಿತ್ತು.

ವರ್ತೂರಿನ ಮನೆಗೆ ಅವಳು ಹೋದದ್ದು ಎರಡು ಸಾವಿರದ ಇಪ್ಪತ್ಮೂರರ ಬೇಸಿಗೆಯಲ್ಲಿ. ಸುತ್ತ ನಾಲ್ಕೂ ಕಡೆ ಅಪಾರ್ಟ್‌ಮೆಂಟ್ ಎದ್ದು ನಡುವೆ ಉಳಿದುಹೋದ ಹೆಂಚಿನ ತೊಟ್ಟಿಮನೆ ಅದು. ಹಿಂದಿನ ಗೋಡೆಯಾಚೆ ಸ್ವಲ್ಪ ದೂರಕ್ಕೆ ಕೆರೆ. ಗಾಳಿ ಈ ಕಡೆ ಬೀಸಿದರೆ ಸೋಪಿನಂಥ, ಕೊಳೆತಂಥ ವಾಸನೆ ಬರುತ್ತಿತ್ತು. ಒಮ್ಮೊಮ್ಮೆ ನೊರೆಯ ಚೂರುಗಳು ಹತ್ತಿಯ ಹಾಗೆ ಹಾರಿಬಂದು ತೊಟ್ಟಿಯಲ್ಲಿ ಬೀಳುತ್ತಿದ್ದವು. ಡೈರೆಕ್ಟರ್ ವಸಂತ್‌ಗೆ ಮನೆ ತುಂಬಾ ಹಿಡಿಸಿತ್ತು. ವೇಣಿಯದು ದೊಡ್ಡ ಸೊಸೆಯ ಪಾತ್ರ. ಮೂರನೇ ವಾರ ವಿಷದ ಹಾಲು ಕುಡಿದು ಸಾಯಬೇಕು, ಆಮೇಲೆ ಫೋಟೋ ಆಗಬೇಕು, ಆಮೇಲೆ ದೆವ್ವವಾಗಿ ಬರಬೇಕು.

ಮನೆಯ ಯಜಮಾನ ನಂಜಪ್ಪ ಐವತ್ತು ದಾಟಿದವನು. ಹಿಂದೆ ಕೆರೆ ಕೆಳಗೆ ರಾಗಿ, ಸೊಪ್ಪು ಬೆಳೆಯುತ್ತಿದ್ದವನು ಈಗ ಪಕ್ಕದಲ್ಲೇ ಮೂರಂತಸ್ತು ಕಟ್ಟಿ, ಹೆಂಡತಿ ಮಕ್ಕಳೊಂದಿಗೆ ಕೆಳಗಿದ್ದು ಮೇಲೆಲ್ಲ ಬಾಡಿಗೆಗೆ ಕೊಟ್ಟಿದ್ದ. ಅವನ ತಾಯಿ ಚಿಕ್ಕಮುನಿಯಮ್ಮ ಮಲಗುವುದು ಹೊಸ ಮನೆಯಲ್ಲಾದರೂ ಬೆಳಕು ಹರಿದರೆ ಹಳೇ ಮನೆಯ ಜಗಲಿಗೆ ಬಂದು ಕೂರುತ್ತಿದ್ದಳು. ಎಂಬತ್ತರ ಹತ್ತಿರದ ವಯಸ್ಸು, ಎರಡೂ ಕಣ್ಣಲ್ಲಿ ಪೊರೆ.

ಶೂಟಿಂಗ್ ಶುರುವಾದ ದಿನ ನಂಜಪ್ಪನೇ ಸ್ಟೂಲ್ ಹತ್ತಿ ಹಜಾರದ ಗೋಡೆಯಿಂದ ಒಂದು ಹಳೇ ಫೋಟೋ ಇಳಿಸಿದ. ಪ್ಲಾಸ್ಟಿಕ್ ಹಾರದ ಹಿಂದೆ ಇಪ್ಪತ್ತರ ಆಸುಪಾಸಿನ ಹೆಣ್ಣು.

"ಯಾರಣ್ಣ ಇವರು?" ಅಂತ ವೇಣಿ ಕೇಳಿದಳು.

"ನನ್ನ ಮೊದಲ್ನೇ ಹೆಂಡ್ತಿ ಮೇಡಂ. ಯಮುನಾ ಅಂತ. ಇಪ್ಪತ್ತೆರಡು ವರ್ಷ ಆಯ್ತು, ಕೆರೆಗೆ ಬಿದ್ಬಿಟ್ಲು." ಧೂಳು ಒರೆಸಿ ಕಂಕುಳಲ್ಲಿ ಇಟ್ಟುಕೊಂಡು ಹೋದ.

ಮೂರನೇ ವಾರ ಅದೇ ಮೊಳೆಗೆ ಆರ್ಟ್ ಡಿಪಾರ್ಟ್‌ಮೆಂಟಿನವರು ವೇಣಿಯ ಫೋಟೋ ನೇತುಹಾಕಿದರು. ಸಾವಿನ ದೃಶ್ಯಕ್ಕೆ ಮುಂಚೆಯೇ ಫೋಟೋ ಸಿದ್ಧವಿತ್ತು. ಇದು ಹಳೆಯದಕ್ಕಿಂತ ಚಿಕ್ಕದು. ಹಾಗಾಗಿ ಸುತ್ತಲೂ ಬಣ್ಣ ಮಾಸದೆ ಉಳಿದ ಗೋಡೆ ಚೌಕಟ್ಟಿನ ಹಾಗೆ ಕಾಣುತ್ತಿತ್ತು.

ಮೇಕಪ್ಪಿಗೆ, ಮಲಗಲಿಕ್ಕೆ ಅವಳಿಗೆ ಕೊಟ್ಟದ್ದು ಹಿಂದಿನ ಕಣಜದ ಕೋಣೆ. ಹಿಂದೆ ರಾಗಿ ತುಂಬುತ್ತಿದ್ದ ಜಾಗ. ಒಂದೇ ಕಿಂಡಿ, ಬಾಗಿಲು ತೀರಾ ಗಿಡ್ಡ. ದಿನಕ್ಕೊಬ್ಬರಾದರೂ ತಲೆ ಹೊಡೆಸಿಕೊಳ್ಳುತ್ತಿದ್ದುದರಿಂದ ಮೇಲಿನ ಅಡ್ಡಮರಕ್ಕೆ ಕೆಂಪು ಟೇಪ್ ಅಂಟಿಸಿದ್ದರು. ಬಾಗಿಲಿಗೆ ಚಿಲಕ ಇದ್ದದ್ದು ಹೊರಗಡೆಗೆ ಮಾತ್ರ. ಒಳಗಡೆ, ನೆಲದಲ್ಲಿ ಕೂತವರ ಕೈಗೆ ಎಟುಕುವಷ್ಟು ಎತ್ತರದಲ್ಲಿ, ಮರ ಸವೆದು ನುಣುಪಾಗಿತ್ತು. ವೇಣಿ ಒಂದು ದಿನ ಸುಮ್ಮನೆ ಅಲ್ಲಿ ಅಂಗೈ ಇಟ್ಟಳು. ಸರಿಯಾಗಿ ಕೂತುಕೊಂಡಿತು. ತಕ್ಷಣ ಕೈ ತೆಗೆದಳು.

ದಿನಾ ಮಧ್ಯಾಹ್ನ ಎರಡರ ಹೊತ್ತಿಗೆ ಹೊಸ್ತಿಲ ಹೊರಗೆ ಒಂದು ತಟ್ಟೆ ಇರುತ್ತಿತ್ತು. ಮುದ್ದೆ, ಸೊಪ್ಪಿನ ಸಾರು, ಮೇಲೆ ಇನ್ನೊಂದು ತಟ್ಟೆ ಮುಚ್ಚಿದ್ದು. ಪ್ರೊಡಕ್ಷನ್‌ನವರು ಇಟ್ಟದ್ದಿರಬೇಕು ಅಂತ ಮೊದಲ ವಾರ ಉಂಡಳು. ಆಮೇಲೆ ವಿಚಾರಿಸಿದರೆ, "ನಾವು ಕೊಡೋದು ಅನ್ನದ ಡಬ್ಬಿ ಮೇಡಂ, ಮುದ್ದೆ ಎಲ್ಲಿಂದ ಬರಬೇಕು," ಅಂದರು.

ಸಾವಿನ ದೃಶ್ಯ ತೆಗೆದದ್ದು ಮಟಮಟ ಮಧ್ಯಾಹ್ನ. ಕಥೆಯಲ್ಲಿ ರಾತ್ರಿ. ಅದಕ್ಕೆ ತೊಟ್ಟಿಯ ಮೇಲೆ ಕರೀ ಬಟ್ಟೆ ಎಳೆದು, ಕಿಟಕಿಗಳಿಗೆಲ್ಲ ಕಪ್ಪು ಪರದೆ ಬಿಟ್ಟರು. ಮನೆ ಕತ್ತಲಾಯಿತು. ಆಮೇಲೆ ಒಂದೊಂದಾಗಿ ಲೈಟ್ ಹಾಕಿದರು, ಹಜಾರದಲ್ಲಿ ಬಿಸಿಲು ಬಿದ್ದ ಹಾಗಾಯಿತು. ಸೈಲೆನ್ಸ್ ಅಂತ ವಸಂತ್ ಕೂಗಿದ ಕೂಡಲೇ ನಲವತ್ತು ಜನ ಇದ್ದಲ್ಲೇ ನಿಂತರು. ವೇಣಿ ಹಾಲಿನ ಲೋಟ ಕೈಬಿಟ್ಟು, ಬಲಗಡೆಯ ಕಂಬ ಹಿಡಿದು, ಜಾರಿ, ನೆಲಕ್ಕೆ ಬಿದ್ದಳು. ಕಟ್. ತನಗೆ ತಾನೇ ಹೇಳಿಕೊಂಡು ಎದ್ದಳು, ನೀರು ಕುಡಿದಳು. ವಸಂತ್‌ಗೆ ಬೇರೆ ಬೇರೆ ಕಡೆಯಿಂದ ಬೇಕಿತ್ತು. ಏಳು ಸಲ ಬಿದ್ದಳು, ಏಳು ಸಲ ಎದ್ದು ನೀರು ಕುಡಿದಳು. ಏಳನೇ ಸಲ ಕಣ್ಣು ತೆರೆದಾಗ ಎದುರಿನ ಕಂಬದ ಹತ್ತಿರ ಚಿಕ್ಕಮುನಿಯಮ್ಮ ನಿಂತಿದ್ದಳು. ಕೈ ಮುಗಿದಿದ್ದಳು.

ಮುಖ ತೊಳೆಯಲು ವೇಣಿ ಕೋಣೆಗೆ ಹೋದಳು. ಟವೆಲಿನಲ್ಲಿ ಕಣ್ಣು ಮುಚ್ಚಿದ್ದಾಗ ಹಿಂದೆ ಬಾಗಿಲು ಎಳೆದುಕೊಂಡ ಸದ್ದು, ಅದರ ಹಿಂದೆಯೇ ಚಿಲಕ ಬಿದ್ದ ಸದ್ದು. ತಳ್ಳಿದಳು, ಬಡಿದಳು. ಹಜಾರದಲ್ಲಿ ಲೈಟು ಬಿಚ್ಚುವ ಗದ್ದಲಕ್ಕೆ ಯಾರಿಗೂ ಕೇಳಿಸಲಿಲ್ಲ. ಸಂದಿಯಲ್ಲಿ ನೋಡಿದರೆ ಹೊರಗೆ ಯಾರದೋ ಸೀರೆಯ ಅಂಚು ಅಲ್ಲಾಡದೆ ನಿಂತಿತ್ತು. ಐದು ನಿಮಿಷವೋ, ಹತ್ತು ನಿಮಿಷವೋ. ಆಮೇಲೆ ಚಿಲಕ ತಾನಾಗಿ ತೆರೆದುಕೊಂಡ ಹಾಗೆ ನಿಧಾನಕ್ಕೆ ಸರಿಯಿತು. ಚಿಕ್ಕಮುನಿಯಮ್ಮ ಬಗ್ಗಿ ಒಳಗೆ ಬಂದು ನೆಲದಲ್ಲಿ ಕೂತಳು.

"ಯಾಕಜ್ಜಿ ಚಿಲಕ ಹಾಕಿದ್ರಿ?" ಅಂದಳು ವೇಣಿ.

"ನಿನ್ನೆಸ್ರು ವೇಣಿ ಅಲ್ವೇನವ್ವ?" ಅಂದಳು ಮುದುಕಿ.

ಆ ಮನೆಯಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. "ಯಾರು ಹೇಳಿದ್ರು ನಿಮಗೆ?"

"ನಮ್ ಯಮುನ. ಎದ್ದೇಳೋವಾಗ ತನ್ನೆಸ್ರು ತಾನೇ ಕೂಗ್ಕೋತಾಳೆ ಅತ್ತೆ, ಅವ್ಳೆಸ್ರು ವೇಣಿ ಅಂತಿದ್ಲು."

ವೇಣಿ ಟವೆಲ್ ಹಿಡಿದುಕೊಂಡೇ ಕೂತಳು. ಮುದುಕಿ ಯಾವುದೇ ಏರಿಳಿತವಿಲ್ಲದೆ, ನೆಂಟರ ಸುದ್ದಿ ಹೇಳುವ ಹಾಗೆ ಹೇಳುತ್ತಾ ಹೋದಳು.

"ಅವ್ಳಿಗೆ ಮೊದಲ್ನೇ ಕೂಸು ಒಟ್ಟೇಲೇ ಓಯ್ತು. ಅದಾದ ಮ್ಯಾಕೆ ಸುರುವಾಯ್ತು ಇದು. ಅಜಾರದಾಗೆ ಜನ ಅವ್ರೆ ಅತ್ತೆ, ಗುಂಪು ಗುಂಪು ಜನ ಅಂತಿದ್ಲು. ನಮಗ್ಯಾರಿಗೂ ಕಾಣ್ರು. ಮಟಮಟ ಮದ್ಯಾನ ಮನೆ ಕತ್ಲಾಯ್ತದೆ, ಆಮ್ಯಾಕೆ ಒಳಗೇ ಬಿಸ್ಲು ಬೀಳ್ತದೆ ಅಂತಿದ್ಲು. ಒಬ್ಬ ಕೂಗ್ತಾನಂತೆ, ಎಲ್ರೂ ಕಲ್ಲಾಗೋಯ್ತಾರಂತೆ. ಇನ್ನೊಂದ್ಸಲ ಕೂಗ್ತಾನಂತೆ, ಓಡಾಡ್ತಾರಂತೆ. ಒಬ್ಳು ಎಂಗ್ಸು ಆ ಕಂಬದತ್ರ ಬಿದ್ದು ಸಾಯ್ತಾಳೆ ಅತ್ತೆ, ಸತ್ತೋಳು ಎದ್ದು ನೀರು ಕುಡೀತಾಳೆ, ಕುಡ್ದು ಮತ್ತೆ ಬಂದು ಸಾಯ್ತಾಳೆ ಅಂತ ಅಳೋಳು. ಅವ್ಳನ್ನ ಯಾರಾದ್ರೂ ಬಿಡಿಸ್ರೀ ಅಂತ ಅಳೋಳು."

"ಆಮೇಲೆ?"

"ದೆವ್ವ ಅಂದ್ರು. ಬೇವಿನ ಸೊಪ್ಪಲ್ಲಿ ಒಡೆಸಿದ್ರು. ಕಡೀಗೆ ಇಲ್ಲಿ ಕೂಡಾಕಿದ್ರು. ನಾಕ್ ತಿಂಗ್ಳು. ಉಣ್ಣಕ್ಕೆ ನಾನೇ ತಂದು ಬಾಗ್ಲತ್ರ ಮಡಗ್ತಿದ್ದೆ."

"ಯಾರು ಕೂಡಿಹಾಕಿದ್ದು ಅಜ್ಜಿ?"

"ಎಲ್ರೂವೆ," ಅಂದಳು ಚಿಕ್ಕಮುನಿಯಮ್ಮ. ಆಮೇಲೆ, "ನಾನೂವೆ," ಅಂದಳು.

ಸಂಜೆ ವೇಣಿ ಇದನ್ನು ವಸಂತ್‌ಗೆ ಹೇಳಿದಳು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. "ಮೂರು ವಾರದಿಂದ ನಾವು ಮಾಡೋದನ್ನೆಲ್ಲ ನೋಡ್ತಾ ಕೂತಿದಾರೆ ರಕ್ಷಿತಾ. ವಯಸ್ಸಾದ ಮೇಲೆ ಇವತ್ತಿಂದು ಅವತ್ತಿಂದು ಕಲೆಸಿಹೋಗುತ್ತೆ. ನಿನ್ನ ಹೆಸರು ಆಧಾರ್ ಕಾರ್ಡಲ್ಲಿ ಇದೆಯಲ್ಲ, ಯಾರೋ ಅಂದಿರ್ತಾರೆ." ಹಾಗೂ ಇರಬಹುದು. ಆದರೆ ಆ ಮಾತನ್ನು ತಾನು ತುಟಿ ಅಲ್ಲಾಡಿಸದೆ ಹೇಳಿಕೊಳ್ಳುತ್ತೇನೆ ಅನ್ನುವುದನ್ನು ಅವನಿಗೆ ತಿಳಿಸುವುದು ಹೇಗೆ ಅಂತ ಅವಳಿಗೆ ಹೊಳೆಯಲಿಲ್ಲ.

ನಂಜಪ್ಪನನ್ನು ಕೇಳಿದ್ದಕ್ಕೆ ಅವನು ಮುಖ ಬೇರೆ ಕಡೆ ಮಾಡಿದ. "ತಲೆ ಕೆಟ್ಟಿತ್ತು ಮೇಡಂ ಅವಳಿಗೆ. ಒಂದಿನ ಬೆಳಗ್ಗೆ ಎದ್ದು ನೋಡಿದ್ರೆ ಬಾಗ್ಲು ತೆಗೆದಿತ್ತು. ಕೆರೆ ಏರಿ ಮೇಲೆ ಚಪ್ಲಿ, ಸೆರಗಿನ ಚೂರು. ಹೆಣ ಸಿಗ್ಲಿಲ್ಲ. ನಮ್ಮವ್ವನೇ ಮೊದಲು ನೋಡಿದ್ದು, ನಮ್ಮವ್ವನೇ ಎಲ್ಲಾರ್ಗೂ ಕೂಗಿ ಹೇಳಿದ್ದು. ಏರಿ ಮೇಲೇನೇ ಕಾರ್ಯ ಮಾಡಿ ಮುಗಿಸಿದ್ವಿ."

ಸಾವಿನ ಎಪಿಸೋಡ್ ಪ್ರಸಾರವಾಯಿತು. ಅದರ ಪ್ರೋಮೋ ಹಿಂದಿನ ವಾರವಿಡೀ ಓಡಿತ್ತು. ಹಜಾರ, ಕಂಬ, ಬೀಳುವ ಹೆಂಗಸು.

ಅದಾದ ಹತ್ತನೇ ದಿನಕ್ಕೆ ದೊಡ್ಡ ಸೊಸೆಯ ತಿಥಿಯ ದೃಶ್ಯ ಇಟ್ಟುಕೊಂಡಿದ್ದರು. ಅಳುವ ನೆಂಟರಿಷ್ಟರಾಗಿ ಕೂರಲು ಒಂದು ವ್ಯಾನಿನಲ್ಲಿ ಹನ್ನೆರಡು ಜನ ಹೆಂಗಸರನ್ನು ಕರೆಸಿದ್ದರು. ವೇಣಿಗೆ ಅವತ್ತು ದೆವ್ವದ ವೇಷ. ಬಿಳೀ ಸೀರೆ, ಮುಖಕ್ಕೆ ಬೂದಿಯಂಥ ಬಣ್ಣ. ತನ್ನದೇ ಫೋಟೋದ ಮುಂದೆ ಎಡೆ ಇಡುವುದನ್ನು ಕಂಬದ ಮರೆಯಲ್ಲಿ ನಿಂತು ನೋಡಬೇಕಿತ್ತು. ಸುಮ್ಮನೆ ನಿಂತಿದ್ದಾಗ ಚಾಪೆಯ ಮೇಲೆ ಕೂತವರನ್ನು ಲೆಕ್ಕ ಹಾಕಿದಳು. ಹದಿಮೂರು ಬಂತು. ಮತ್ತೆ ಹಾಕಿದಳು. ಹದಿಮೂರೇ.

ಉಳಿದವರೆಲ್ಲ ಅವಳ ವೇಷ ನೋಡಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಕೊನೆಯ ಸಾಲಿನಲ್ಲಿದ್ದ ಒಬ್ಬಳು ನಗಲಿಲ್ಲ. ನಲವತ್ತು ದಾಟಿದ ಹೆಂಗಸು, ಕಂದು ಬಣ್ಣದ ಕಾಟನ್ ಸೀರೆ, ಊದುಬತ್ತಿ ಹೊಸೆದು ಹೊಸೆದು ಕರಿ ಕೂತ ಬೆರಳುಗಳು. ಅವಳು ಕ್ಯಾಮೆರಾ ನೋಡಲಿಲ್ಲ, ಲೈಟ್ ನೋಡಲಿಲ್ಲ. ವೇಣಿಯನ್ನೇ ನೋಡುತ್ತಿದ್ದಳು, ಎಷ್ಟೋ ಕಾಲದಿಂದ ಬಲ್ಲವರನ್ನು ನೋಡುವ ಹಾಗೆ.

ಊಟಕ್ಕೆ ಬಿಟ್ಟಾಗ ಎಲ್ಲರೂ ಅಂಗಳದ ಟೇಬಲ್ಲಿನ ಕಡೆ ಹೋದರು. ಆ ಹೆಂಗಸು ಮಾತ್ರ ಯಾರನ್ನೂ ಕೇಳದೆ ಒಳಗಿನ ಓಣಿಗೆ ನಡೆದು, ಕತ್ತಲ ಮೂಲೆಯಲ್ಲಿದ್ದ ಕಲ್ಲು ಬಾನಿಯ ಹತ್ತಿರ ನಿಂತಳು. ಬಾನಿ ಬತ್ತಿ ಎಷ್ಟು ಕಾಲವಾಗಿತ್ತೋ. ಅದರೊಳಗೆ ಕೈ ಆಡಿಸಿ, ಮುಂದೆ ಹೋಗಿ, ಕಣಜದ ಕೋಣೆಯ ಬಾಗಿಲಲ್ಲಿ ಸರಕ್ಕನೆ ತಲೆ ಬಗ್ಗಿಸಿ ಒಳಗೆ ದಾಟಿದಳು. ಕೆಂಪು ಟೇಪಿನ ಕಡೆ ಕಣ್ಣು ಕೂಡ ಎತ್ತಲಿಲ್ಲ.

ವೇಣಿ ಹಿಂದೆಯೇ ಹೋದಳು. ಒಳಗೆ ಕಿಂಡಿಯ ಬೆಳಕಿನಲ್ಲಿ ಚಿಕ್ಕಮುನಿಯಮ್ಮ ಮುದ್ದೆಯ ತಟ್ಟೆ ಹಿಡಿದು ಕೂತಿದ್ದಳು. ಆ ಹೆಂಗಸು ಗೋಡೆಗೊತ್ತಿ ನಿಂತಿದ್ದಳು, ಉಸಿರೂ ಬಿಡದ ಹಾಗೆ. ಪೊರೆ ಮುಸುಕಿದ ಕಣ್ಣಿಗೆ ಬಿಳೀ ಸೀರೆಯ ವೇಣಿ ಮಾತ್ರ ಕಂಡಿರಬೇಕು. ಮುದುಕಿ ತಟ್ಟೆ ಕೆಳಗಿಟ್ಟು ವೇಣಿಯ ಕೈ ಹಿಡಿದುಕೊಂಡಳು.

"ಬಂದ್ಯಾ ಯಮುನಾ," ಅಂದಳು. "ಅವತ್ತು ಬಸ್ಸು ಸಿಕ್ತೇನವ್ವ?"

ಆಗ ಹಿಂದಿನಿಂದ, ಗೋಡೆಯ ಕಡೆಯಿಂದ, ಮೆಲುದನಿಯಲ್ಲಿ ಉತ್ತರ ಬಂತು.

"ಸಿಕ್ತು ಅತ್ತೆ."

"ಚಪ್ಲಿ ಏರಿ ಮೇಲೆ ಮಡಗಿ ಬಂದೆ ನಾನು. ನಿನ್ ಸೆರಗು ಅರ್ದಿದ್ನಲ್ಲ, ಅದನ್ನ ಮುಳ್ಗೆ ಸಿಗ್ಸಿ ಬಂದೆ. ಎಲ್ರೂ ನಂಬುದ್ರು. ನಿಂಗೆ ಬರಿಗಾಲಾಯ್ತು."

"ಇರಲಿ ಬಿಡಿ ಅತ್ತೆ. ಆಮೇಲೆ ತಗೊಂಡೆ."

"ಉಂಡ್ಯಾ?"

"ಉಂಡೆ."

"ಈಗ್ಲೂ ಕಾಣ್ತಾರಾ ಅವ್ರೆಲ್ಲ?"

"ಇಲ್ಲ ಅತ್ತೆ. ಅಲ್ಲಿ ಕಾಣಲ್ಲ."

ಮುದುಕಿ ಪ್ರತಿ ಮಾತಿಗೂ ವೇಣಿಯ ಮುಖವನ್ನೇ ನೋಡುತ್ತಿದ್ದಳು. ವೇಣಿ ಆ ಹೆಂಗಸಿನ ಕಡೆ ತಿರುಗಿ, ನೀವೇ ಬಂದು ಹಿಡ್ಕೊಳ್ಳಿ ಅನ್ನುವ ಹಾಗೆ ಕೈ ಚಾಚಿದಳು. ಅವಳು ಬೇಡ ಅಂತ ತಲೆಯಾಡಿಸಿದಳು. ಕೆನ್ನೆ ತೋಯ್ದಿತ್ತು. ವೇಣಿ ಮುದುಕಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಒತ್ತಿ ಹಿಡಿದು ಹಾಗೇ ಕೂತಳು. ಹೊರಗೆ ಅವಳ ಇನ್ನೊಂದು ಹೆಸರು ಕೂಗಿ ಕರೆಯುವ ತನಕ ಕೂತಿದ್ದಳು.

ಅವತ್ತು ಸಂಜೆ ಹೆಂಗಸರು ವ್ಯಾನಿನ ಹತ್ತಿರ ಸೇರಿದಾಗ ಯಮುನಾ ಒಂದು ಬದಿಗೆ ನಿಂತು ವೇಣಿಗೆ ಎಲ್ಲವನ್ನೂ ಹೇಳಿದಳು. ಕೂಡಿಹಾಕಿದ ನಾಲ್ಕನೇ ತಿಂಗಳು ಒಂದು ಬೆಳಗಿನ ಜಾವ ಅತ್ತೆ ಬಂದು ಚಿಲಕ ತೆಗೆದು, ಮೊದಲ ಬಸ್ಸು ಹತ್ತು, ತಿರುಗಿ ಬರಬೇಡ ಅಂದಳಂತೆ. ಮಾರ್ಕೆಟ್ಟಿನಲ್ಲಿ ಇಳಿದು ಕಂಡ ಇನ್ನೊಂದು ಬಸ್ಸು ಹತ್ತಿ ಜಿಗಣಿಗೆ ಹೋದಳಂತೆ. ಅಲ್ಲಿ ನಲ್ಲಪ್ಪ ಅನ್ನುವವರ ಊದುಬತ್ತಿ ಗೋದಾಮಿನಲ್ಲಿ ಕೆಲಸ ಸಿಕ್ಕಿತು, ಈಗಲೂ ಅಲ್ಲೇ.

"ಗೋದಾಮಲ್ಲಿ ಟಿವಿ ಇಟ್ಟಿದಾರೆ. ಆವತ್ತು ಪ್ರೋಮೋ ಬಂತು. ಅದೇ ಹಜಾರ, ಅದೇ ಕಂಬ. ನೀವು ಬಿದ್ರಿ. ಕೈಲಿದ್ದ ಬತ್ತಿ ಕಟ್ಟು ಬಿದ್ದೋಯ್ತು. ಇಪ್ಪತ್ತೆರಡು ವರ್ಷ ನಂಗೆ ತಲೆ ಕೆಟ್ಟಿತ್ತು ಅಂತ ನಾನೇ ನಂಬಿದ್ದೆ ಅಕ್ಕ. ಯಾವ ಮಾತು ಆಡೋಕೂ ಭಯ. ಎದುರಿಗಿರೋರು ನಿಜವಾಗ್ಲೂ ಇದಾರೋ ಇಲ್ವೋ ಅಂತ ಮುಟ್ಟಿ ನೋಡಿ ಮಾತಾಡಿಸ್ತಿದ್ದೆ. ಒಂದ್ಸಲ ಕಣ್ಣಾರೆ ನೋಡಿ ಹೋಗೋಣ ಅಂತ ಬಂದು ಈ ಹೆಂಗಸರ ಜೊತೆ ಒಳಗೆ ಕೂತ್ಕೊಂಡೆ."

ವೇಣಿಗೆ ಹೊಳೆಯಿತು. ಈ ಹೆಂಗಸನ್ನು ಕಾಡಿದ ದೆವ್ವ ಬೇರೆ ಯಾವುದೂ ಅಲ್ಲ, ತಾನೇ. ಗಾರ್ಮೆಂಟ್ಸ್‌ಗೆ ಇನ್ನೂ ಕಾಲಿಡದ, ಪೀಣ್ಯದಲ್ಲಿ ಯೂನಿಫಾರ್ಮ್ ಹಾಕಿಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿ ಆಗ ತಾನು. ಅದೇ ಹೊತ್ತಿಗೆ ಈ ಮನೆಯಲ್ಲಿ ತನ್ನ ಸಾವನ್ನು ನೋಡಿ ನೋಡಿ ಒಬ್ಬಳು ಅತ್ತಿದ್ದಳು. "ನನ್ನಿಂದ ನಿಮಗೆ," ಅಂತ ಶುರು ಮಾಡಿದಳು, ಮುಗಿಸಲಾಗಲಿಲ್ಲ.

"ನಿಮಗೇನ್ ಗೊತ್ತಿತ್ತು," ಅಂದಳು ಯಮುನಾ. "ನಿಮ್ಮನ್ನ ಬಿಡಿಸೋಕೆ ಎಷ್ಟ್ ಕೂಗ್ಕೊಂಡೆ ಗೊತ್ತಾ. ಕೇಳಿಸ್ಲಿಲ್ಲ ನಿಮಗೆ."

ಅಷ್ಟರಲ್ಲಿ ನಂಜಪ್ಪ ಹೊಸ ಮನೆಯಿಂದ ಬಂದ. ಶೂಟಿಂಗಿಗೆ ಬಂದವರನ್ನು ವಿಚಾರಿಸಿಕೊಳ್ಳುವುದು ಅವನಿಗೆ ಖುಷಿಯ ಕೆಲಸ. ಯಮುನಾಳ ಎದುರಿಗೇ ನಿಂತು, "ಊಟ ಆಯ್ತೇನಮ್ಮ ಎಲ್ಲಾರ್ದೂ?" ಅಂತ ಕೇಳಿದ.

"ಆಯ್ತಣ್ಣ," ಅಂದಳು ಅವಳು.

ಅವನು ಅರೆಗಳಿಗೆ ಅವಳ ಮುಖ ನೋಡಿದ. ಹುಬ್ಬು ಗಂಟಾಯಿತು, ಸಡಿಲವಾಯಿತು. ಇಪ್ಪತ್ತೆರಡು ವರ್ಷ ಎಡೆ ಇಟ್ಟವನಿಗೆ ಎದುರಿಗಿದ್ದವಳು ಕಾಣಿಸಲಿಲ್ಲ. "ಹುಷಾರಾಗಿ ಹೋಗಿಬನ್ನಿ," ಅಂತ ಗೇಟಿನ ಕಡೆ ನಡೆದ. ಯಮುನಾ ವ್ಯಾನ್ ಹತ್ತಲಿಲ್ಲ, ಮುಖ್ಯರಸ್ತೆಯ ಕಡೆ ನಡೆದುಕೊಂಡು ಹೋದಳು. ಕಾಲಲ್ಲಿ ಹೊಸ ಚಪ್ಪಲಿ ಇತ್ತು.

ಮಾರನೇ ದಿನದಿಂದ ಹೊಸ್ತಿಲಲ್ಲಿ ತಟ್ಟೆ ಬರುವುದು ನಿಂತಿತು. ಚಿಕ್ಕಮುನಿಯಮ್ಮ ಎರಡು ತಿಂಗಳು ಬದುಕಿದ್ದಳು. ಹಳೇ ಮನೆಯ ಕಡೆ ಮತ್ತೆ ಬರಲಿಲ್ಲ, ಹೊಸ ಮನೆಯಲ್ಲೇ ನಿದ್ದೆಯಲ್ಲಿ ಹೋದಳು. ಅವಳು ಕಾಪಾಡಿದ ಗುಟ್ಟನ್ನು ವೇಣಿಯೂ ನಂಜಪ್ಪನಿಗೆ ಹೇಳಲಿಲ್ಲ. ವರ್ಷ ತುಂಬುವುದರೊಳಗೆ ಅವನು ಮನೆ ಕೆಡವಿಸಿದ. ಈಗ ಅಲ್ಲಿ ಹೆಣ್ಣುಮಕ್ಕಳ ಪಿಜಿ ಇದೆ.

ವೇಣಿ ಆ ಸೀರಿಯಲ್ ಮುಗಿಸಿಕೊಟ್ಟಳು. ಆಮೇಲೆ ಬಂದ ಎರಡು ಸಾವಿನ ಪಾತ್ರಗಳನ್ನು ಬೇಡ ಅಂದಳು. ಯಾಕೆ ಅಂತ ವಸಂತ್ ಕೇಳಿದ್ದಕ್ಕೆ, "ನಾವು ಮಾಡೋದು ಎಲ್ಲಿ ಯಾರಿಗೆ ಹೋಗಿ ಮುಟ್ಟುತ್ತೋ ಗೊತ್ತಿಲ್ಲ ಸಾರ್," ಅಂದಳು. ಅವನು ಟಿಆರ್‌ಪಿ ವಿಷಯ ಅಂದುಕೊಂಡ. ಅವಕಾಶಗಳು ಕಮ್ಮಿಯಾದವು. ಈಗ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ, ಪೀಣ್ಯದ ಕಾರ್ಖಾನೆಗಳಲ್ಲಿ ರಾಜ್ಯೋತ್ಸವದ ನಾಟಕ ಕಲಿಸುತ್ತಾಳೆ. ಒಂದೊಂದು ಸೀರಿಯಲ್ಲಿನಲ್ಲಿ ಅತ್ತೆಯಾಗಿ ಕಾಣಿಸಿಕೊಳ್ಳುತ್ತಾಳೆ. ಹೆಸರನ್ನೂ ವೇಣಿ ಅಂತಲೇ ಹಾಕಿಸುತ್ತಾಳೆ.

ತಿಂಗಳಿಗೊಂದು ಭಾನುವಾರ ಜಿಗಣಿಗೆ ಹೋಗುವುದುಂಟು. ಯಮುನಾಳ ಬಾಡಿಗೆ ರೂಮಿನಲ್ಲಿ ಇಬ್ಬರೂ ಕೂತು ಟೀ ಕುಡಿಯುತ್ತಾರೆ. ಮಾತು ಜಾಸ್ತಿ ಇಲ್ಲ. ಮೊನ್ನೆ ಹೋಗಿದ್ದಾಗ ಯಮುನಾ ಟೀ ಸೋಸುತ್ತಿದ್ದವಳು ನಡುವೆ ನಿಲ್ಲಿಸಿ, ಖಾಲಿ ಮೂಲೆಯ ಕಡೆ ಕಿವಿ ಕೊಟ್ಟಳು. ಮುಖದಲ್ಲಿ ಭಯ ಇರಲಿಲ್ಲ. ಪಕ್ಕದ ಮನೆಯ ರೇಡಿಯೋ ಕೇಳುವವರ ಹಾಗಿತ್ತು.

"ಏನಾದ್ರೂ ಕೇಳಿಸ್ತಾ?" ಅಂತ ವೇಣಿ ಕೇಳಿದಳು.

ಯಮುನಾ ಲೋಟ ತುಂಬಿಸಿ ಅವಳ ಮುಂದಿಟ್ಟಳು. "ಎರಡು ತಿಂಗಳಾಯ್ತು ಮತ್ತೆ ಶುರುವಾಗಿ," ಅಂದಳು. "ಈ ಸಲ ಯಾರ ಹತ್ರಾನೂ ಹೇಳೋಕೋಗಲ್ಲ ಅಕ್ಕ. ನಿಮ್ಮ ಹತ್ರಾನೂ."

ಟೀ ತುಂಬಾ ಬಿಸಿಯಿತ್ತು. ಆರುವ ತನಕ ಇಬ್ಬರೂ ಗೋಡೆಗೊರಗಿ ಕೂತಿದ್ದರು. ಆ ಮೂಲೆಯ ಕಡೆ ನೋಡದೆ ಇರಲು ವೇಣಿಗೆ ಕಷ್ಟವಾಗುತ್ತಿತ್ತು.